ಅತ್ತೆಗೆಂದು ಕಟ್ಟಿದ ಲೆವೆಲ್ಲುಗಳು

ಎಂಟನೇ ತರಗತಿಯ ಅರ್ಧದಲ್ಲಿ ನನ್ನ ಬಲಗಾಲು ಮುರಿಯಿತು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವಿದ್ದದ್ದು ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ. ಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ನಮ್ಮ ಮನೆಯ ಆಚೀಚೆ ಪಾಯ ತೆಗೆದು ಹಾಗೇ ಬಿಟ್ಟ ಜಾಗಗಳೇ ಹೆಚ್ಚು. ಅಂಥದ್ದೊಂದು ಪಾಯದ ಮೇಲೆ ಯಾರೋ ಹಾಕಿದ್ದ ಹಲಗೆಯನ್ನು ದಾಟುವಾಗ ಜಾರಿ ಒಳಗೆ ಬಿದ್ದೆ. ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿದ್ದವು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಒಂದೂವರೆ ತಿಂಗಳಾದ ಮೇಲೆ ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಓರೆಯಾಗಿ ಕೂಡಿದೆ ಎಂದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಮತ್ತೆ ಮುರಿದು, ಮತ್ತೆ ಕೂಡಿಸಿ, ಮತ್ತೆ ಪ್ಲಾಸ್ಟರ್ ಹಾಕಿಸಿದರು. ಆ ವರ್ಷದ ಓದು ಅಲ್ಲಿಗೆ ಮುಗಿದ ಹಾಗಾಯಿತು.

ಅಪ್ಪ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತರು. ಅಮ್ಮ ಶಾಲೆಯ ಟೀಚರು. ಅಮ್ಮನ ರಜೆಯೆಲ್ಲ ಮೊದಲ ಪ್ಲಾಸ್ಟರಿಗೇ ಖರ್ಚಾಗಿಬಿಟ್ಟಿತ್ತು. ಎರಡನೆಯದಕ್ಕೆ ಅಪ್ಪ ಊರಿಗೆ, ಅಂದರೆ ಗುಮ್ಮಳಾಪುರಕ್ಕೆ, ಹೋಗಿ ತಮ್ಮ ತಂಗಿಯನ್ನು ಕರೆತಂದರು. ನನ್ನ ಸೋದರತ್ತೆ. ಆಗ ಅವಳಿಗೆ ಮೂವತ್ತು ದಾಟಿತ್ತೋ ಇಲ್ಲವೋ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆ ತುಂಬಿಸಿಕೊಂಡಿದ್ದ. ಅತ್ತೆ ಒಂದು ಟ್ರಂಕು ಹಿಡಿದು ತವರಿಗೆ ವಾಪಸು ಬಂದಿದ್ದಳು. ದೊಡ್ಡಪ್ಪನ ಮನೆಯಲ್ಲಿ ದನದ ಹಟ್ಟಿ ಬಾಚುವುದರಿಂದ ಹಿಡಿದು ಹೊಲದ ಕಳೆಯವರೆಗೆ ಎಲ್ಲ ಅವಳದೇ ಕೆಲಸ. ಆ ಟ್ರಂಕಿನೊಂದಿಗೇ ನಮ್ಮ ಮನೆಗೂ ಬಂದಳು. ಮಾತು ಕಡಿಮೆ. ನನ್ನನ್ನು ‘ಪಾಪಾ’ ಎಂದು ಕರೆಯುತ್ತಿದ್ದಳು.

ನನ್ನ ಮಂಚವನ್ನು ಹಜಾರಕ್ಕೆ ತಂದು ಹಾಕಿದ್ದರು. ಬೆಳಿಗ್ಗೆ ಅಪ್ಪನ ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆದು ಹೋದ ಮೇಲೆ, ಅಮ್ಮನೂ ಹೊರಟ ಮೇಲೆ, ಬೀದಿ ಪೂರ್ತಿ ನಿಶ್ಶಬ್ದವಾಗಿಬಿಡುತ್ತಿತ್ತು. ದೂರದಲ್ಲೆಲ್ಲೋ ಗಾರೆ ಕಲೆಸುವ ಸಲಿಕೆಯ ಸದ್ದು. ಹಿತ್ತಲಲ್ಲಿ ಅತ್ತೆ ಪಾತ್ರೆ ಉಜ್ಜುವ ಸದ್ದು. ಬಿಸಿಲಿನ ಚೌಕ ಕಿಟಕಿಯಿಂದ ಇಳಿದು ನೆಲದ ಮೇಲೆ ಸರಿದು ನನ್ನ ಪ್ಲಾಸ್ಟರಿನ ಮೇಲೆ ಹತ್ತುವುದನ್ನು ನೋಡುತ್ತಾ ಮಲಗಿರುತ್ತಿದ್ದೆ. ಅತ್ತೆಗೂ ನನಗೂ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಅವಳು ಕೆಲಸ ಮುಗಿಸಿ ಬಂದು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಸೂರು ನೋಡುತ್ತಿದ್ದೆ, ಅವಳು ಬೀದಿ ನೋಡುತ್ತಿದ್ದಳು.

ಅಪ್ಪನ ಮೇಲಧಿಕಾರಿಯೊಬ್ಬರು ಮದ್ರಾಸಿನವರು. ತರಬೇತಿಗೆಂದು ಹೊರದೇಶಕ್ಕೆ ಹೋಗಿ ಬರುವಾಗ ಅವರು ಸಣ್ಣದೊಂದು ಕಂಪ್ಯೂಟರ್ ತಂದಿದ್ದರಂತೆ. ನನ್ನನ್ನು ನೋಡಲು ಬಂದವರು ನನ್ನ ಕಾಲು ನೋಡಿ, ಸೂರು ನೋಡಿ, “ಬೋರ್ ಅಡಿಕ್ಕುದಾ ಪಾಪಾ?” ಎಂದರು. ಬೇಸರವಾಗುತ್ತದೆಂದು ತಲೆಯಾಡಿಸಿದೆ. ಮುಂದಿನ ಭಾನುವಾರ ಆ ಕಂಪ್ಯೂಟರನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ರಬ್ಬರಿನ ಕೀಲಿಗಳಿದ್ದ ಕಪ್ಪು ಡಬ್ಬಿ, ಹೆಚ್ಚೆಂದರೆ ಊಟದ ತಟ್ಟೆಯಷ್ಟು ಅಗಲ. ಅದನ್ನು ನಮ್ಮ ಬ್ಲಾಕ್ ಅಂಡ್ ವೈಟ್ ಟೀವಿಗೂ ಟೇಪ್‌ರೆಕಾರ್ಡರಿಗೂ ಸಿಕ್ಕಿಸಿ ತೋರಿಸಿದರು. ಜೊತೆಗೆ ಒಂದೇ ಒಂದು ಆಟದ ಕ್ಯಾಸೆಟ್ಟು, ಇಂಗ್ಲಿಷಿನ ಒಂದು ಪುಟ್ಟ ಪುಸ್ತಕ. ತನಗೆ ಆಡಲು ಪುರಸೊತ್ತಿಲ್ಲ, ಒಂದು ವರ್ಷ ಇಟ್ಟುಕೋ ಎಂದು ತಮಿಳಿನಲ್ಲಿ ಹೇಳಿ, ಕಾಫಿ ಕುಡಿದು ಹೋದರು.

ಆಟ ಸರಳವಾದದ್ದು. ಪರದೆಯ ಮೇಲೆ ಇಟ್ಟಿಗೆಯ ಅಂತಸ್ತುಗಳು, ಅವುಗಳ ನಡುವೆ ಏಣಿಗಳು. ಸಣ್ಣದೊಬ್ಬ ಮನುಷ್ಯ ಓಡಾಡಿ, ಅಲ್ಲಲ್ಲಿ ಇಟ್ಟ ಗಂಟುಗಳನ್ನೆಲ್ಲ ಎತ್ತಿಕೊಂಡು ಬಾಗಿಲು ಸೇರಬೇಕು. ಕಾವಲುಗಾರರು ಅಡ್ಡಾಡುತ್ತಿರುತ್ತಾರೆ, ಮುಟ್ಟಿದರೆ ಸಾವು. ನೀರಿಗೆ ಬಿದ್ದರೂ ಸಾವು. ಅಂಥ ಒಂದೊಂದು ಪರದೆಗೂ ಲೆವೆಲ್ ಎಂದು ಹೆಸರು. ಕ್ಯಾಸೆಟ್ಟಿನಲ್ಲಿದ್ದ ಲೆವೆಲ್ಲುಗಳನ್ನೆಲ್ಲ ಬೇಗ ಮುಗಿಸಿಬಿಟ್ಟೆ. ಆಮೇಲೆ, ಡಿಕ್ಷನರಿ ಇಟ್ಟುಕೊಂಡು ಪುಸ್ತಕ ಓದುವಾಗ ಕೊನೆಯ ಪುಟಗಳಲ್ಲಿ ಇನ್ನೊಂದು ವಿಷಯ ಸಿಕ್ಕಿತು: ಲೆವೆಲ್ಲುಗಳನ್ನು ನಾವೇ ಕಟ್ಟಬಹುದು. ಒಂದು ಕೀಲಿ ಒತ್ತಿದರೆ ಖಾಲಿ ಪರದೆ ಬರುತ್ತದೆ, ಅದರಲ್ಲಿ ಮಿನುಗುವ ಒಂದು ಚೌಕ. ಚೌಕವನ್ನು ಬೇಕಾದಲ್ಲಿಗೆ ಸರಿಸಿ ಒಂದರ ಕೀಲಿ ಒತ್ತಿದರೆ ಇಟ್ಟಿಗೆ, ಎರಡರದು ಒತ್ತಿದರೆ ಏಣಿ, ಹೀಗೆ ನೀರು, ಗಂಟು, ಕಾವಲುಗಾರ, ಮನುಷ್ಯ, ಬಾಗಿಲು. ಕಟ್ಟಿದ್ದನ್ನು ಬೇರೆ ಕ್ಯಾಸೆಟ್ಟಿಗೆ ತುಂಬಿಸಿಟ್ಟುಕೊಳ್ಳಬಹುದು.

ಆ ಸಂಜೆ ಊಟಕ್ಕೆ ಕರೆಯುವವರೆಗೂ ಕಟ್ಟಿದೆ. ಸಿಕ್ಕಿದ ಜಾಗದಲ್ಲೆಲ್ಲ ಏನಾದರೊಂದು ತುಂಬಿದೆ. ಖಾಲಿ ಬಿಟ್ಟರೆ ಸೋಮಾರಿತನ ಎನ್ನಿಸುತ್ತಿತ್ತು.

ಆ ದಿನಗಳಲ್ಲಿ ಪಕ್ಕದ ಬೀದಿಯ ಗೆಳತಿಯೊಬ್ಬಳು ಶಾಲೆ ಬಿಟ್ಟ ಮೇಲೆ ಬಂದು ನೋಟ್ಸು ಕೊಟ್ಟು ಹೋಗುತ್ತಿದ್ದಳು. ಅವಳಿಗೆ ನನ್ನ ಲೆವೆಲ್ಲುಗಳನ್ನು ತೋರಿಸಿದೆ. ಆಡಲು ಕೂತಳು, ಸತ್ತಳು. ಮತ್ತೆ ಆಡಿದಳು, ಮತ್ತೆ ಸತ್ತಳು. ಶುರುವಾದ ಜಾಗದ ಪಕ್ಕದಲ್ಲೇ ಕಾವಲುಗಾರನನ್ನು ಇಟ್ಟಿದ್ದೆ. ಅವಳು ಕೀಲಿ ಹುಡುಕುವಷ್ಟರಲ್ಲಿ ಅವನು ಬಂದುಬಿಡುತ್ತಿದ್ದ. ನನಗದು ಬಹಳ ಜಾಣತನದ್ದೆನ್ನಿಸಿತ್ತು. ಎರಡು ದಿನ ಹೀಗಾಯಿತು. ಆಮೇಲೆ ಅರ್ಧವಾರ್ಷಿಕ ಪರೀಕ್ಷೆ ಬಂತು, ಅವಳು ಬರುವುದು ನಿಂತಿತು. ಪರೀಕ್ಷೆ ಮುಗಿದ ಮೇಲೂ ಬರಲಿಲ್ಲ. ಸಂಜೆ ನಾಲ್ಕೂವರೆಗೆ ಗೇಟಿನ ಸದ್ದಾದರೆ ಅವಳೇ ಇರಬಹುದೆಂದು ಕತ್ತೆತ್ತುತ್ತಿದ್ದೆ. ಬರುತ್ತಿದ್ದದ್ದು ಅಮ್ಮ.

ಹೀಗಾಗಿ ಅತ್ತೆಯನ್ನು ಕರೆದೆ.

ಅವಳಿಗೆ ಆ ಡಬ್ಬಿಯ ಮೇಲೆ ಮೊದಲಿಂದಲೂ ಸಿಟ್ಟಿತ್ತು. ಆಟ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಯುವಾಗ ನಾಲ್ಕೈದು ನಿಮಿಷ ಕರ್ಕಶವಾಗಿ ಅರಚುತ್ತಿತ್ತು. “ಅಯ್ಯೋ, ಕೋಳಿ ಕುತ್ಗೆ ಹಿಸುಕ್ದಂಗೆ ಕಿರುಚ್ತೈತಲ್ಲ ಪಾಪಾ, ಆರ್ಸು ಅದ್ನ” ಎಂದು ಸೆರಗಿನಿಂದ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅವತ್ತು ಮಧ್ಯಾಹ್ನ ಅರಚಾಟ ನಿಂತ ಮೇಲೆ ಕರೆದೆ. ಏನೋ ಬೇಕಾಗಿದೆಯೆಂದು ಬಂದಳು.

“ಅತ್ತೆ, ನೀನು ಆಡ್ತೀಯಾ?”

“ನಾನಾ? ನಂಗೇನ್ ಬತ್ತೈತೆ?”

“ಬರುತ್ತೆ. ನಾಲ್ಕೇ ಕೀಲಿ. ಇದು ಎಡಕ್ಕೆ, ಇದು ಬಲಕ್ಕೆ, ಇದು ಹತ್ತೋಕೆ, ಇದು ಇಳಿಯೋಕೆ.”

ಕೈಯನ್ನು ಸೀರೆಗೆ ಒರೆಸಿಕೊಂಡು, ಮಂಚದ ಅಂಚಿನಲ್ಲಿ ಅರ್ಧ ಕೂತು, ಡಬ್ಬಿಯನ್ನು ಬಿಸಿ ಪಾತ್ರೆ ಮುಟ್ಟುವ ಹಾಗೆ ಮುಟ್ಟಿದಳು. ಟೀವಿ ಕಡೆ ಬಹಳ ಹೊತ್ತು ನೋಡಿದಳು.

“ಆ ಚಿಕ್ಕೋನು ಎಲ್ಲವ್ನೆ?”

“ಅಲ್ಲೇ ಇದ್ದಾನಲ್ಲ, ಎಡಗಡೆ, ಮೇಲೆ.”

“ಎಲ್ಲಾ ಒಂದೇ ಥರ ಕಾಣ್ತೈತೆ. ಸಂತೇಲಿ ಮಗೀನ ಕಳ್ಕೊಂಡಂಗಾಯ್ತು ನಂಗೆ.”

ನಾನೂ ಅವಳ ಪಕ್ಕದಿಂದ ಪರದೆಯನ್ನು ನೋಡಿದೆ. ನಿಜವಾಗಿಯೂ ಸಂತೆಯೇ. ನಾನೇ ಇಟ್ಟವಳಾದ್ದರಿಂದ ನನಗೆ ಮನುಷ್ಯ ಎಲ್ಲಿದ್ದಾನೆಂದು ಗೊತ್ತಿತ್ತು, ಅಷ್ಟೇ. ಅವಳು ಅಡುಗೆಮನೆಗೆ ಹೋದ ಮೇಲೆ ಅರ್ಧಕ್ಕರ್ಧ ಅಳಿಸಿದೆ. ಮನುಷ್ಯನ ಸುತ್ತ ಖಾಲಿ ಜಾಗ ಬಿಟ್ಟೆ, ಕತ್ತಲ ನಡುವೆ ದೀಪವಿಟ್ಟ ಹಾಗೆ ಅವನೊಬ್ಬನೇ ಕಾಣುವಂತೆ. ಮಾರನೆಯ ದಿನ ಅತ್ತೆ ಕೂತ ಕೂಡಲೇ “ಹಾಂ, ಇಲ್ಲವ್ನೆ” ಎಂದಳು.

ಅವಳು ಇಂಗ್ಲಿಷ್ ಓದಲಾರಳು, ಆಟದ ಬಗ್ಗೆ ಏನೂ ತಿಳಿಯದವಳು. ಅವಳ ಕೈಗೆ ಕೊಟ್ಟಾಗಲೇ ನನ್ನ ಲೆವೆಲ್ಲುಗಳ ದೋಷಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಒಂದು ಲೆವೆಲ್ಲಿನಲ್ಲಿ ಆಳವಾದ ಗುಂಡಿಯಿತ್ತು. ಅತ್ತೆಯ ಚಿಕ್ಕೋನು ಅದರೊಳಗೆ ಬಿದ್ದ. ಅವಳು ಎಲ್ಲ ಕೀಲಿಗಳನ್ನೂ ಒತ್ತಿ ನೋಡಿದಳು.

“ಈಗ ಯಾವ್ದು ಒತ್ಲಿ?”

“ಯಾವುದೂ ಇಲ್ಲ ಅತ್ತೆ. ಅಲ್ಲಿಂದ ಬರೋಕಾಗಲ್ಲ. ಮೊದಲಿಂದ ಶುರು ಮಾಡ್ಬೇಕು.”

“ಅವ್ನು ಸತ್ತಿಲ್ವಲ್ಲ?”

“ಸತ್ತಿಲ್ಲ.”

“ಬದ್ಕವ್ನೆ, ಆದ್ರೆ ಬರಾಕಾಗಲ್ಲ. ಇದ್ಯಾವ ನ್ಯಾಯ ಪಾಪಾ? ಒಂದೋ ಸಾಯ್ಸು, ಇಲ್ಲಾಂದ್ರೆ ಒಂದ್ ಏಣಿ ಇಕ್ಕು.”

ಎದ್ದು ಹೋಗಿ ಅಕ್ಕಿ ಆರಿಸಲು ಕೂತಳು. ನಾನು ಗುಂಡಿಯ ಮೂಲೆಯಲ್ಲಿ ಏಣಿ ಇಟ್ಟೆ. ಆಮೇಲೆ ಹಿಂದಿನ ಲೆವೆಲ್ಲುಗಳನ್ನೆಲ್ಲ ತೆಗೆದು, ಯಾವ ಗುಂಡಿಗೆ ಬಿದ್ದರೂ ಮೇಲೆ ಬರುವ ದಾರಿಯಿದೆಯೇ ಎಂದು ಒಂದೊಂದರಲ್ಲೂ ನಾನೇ ಬೇಕೆಂದೇ ಬಿದ್ದು ನೋಡಿದೆ.

ಮುಂದೆ ಕಟ್ಟುವ ಕ್ರಮವನ್ನೇ ಬದಲಿಸಿದೆ. ಗಣಿತದ ಗ್ರಾಫ್ ಹಾಳೆಯಲ್ಲಿ ಮೊದಲು ಮನುಷ್ಯ ನಿಲ್ಲುವ ಜಾಗ, ಆಮೇಲೆ ಬಾಗಿಲು. ಎರಡರ ನಡುವೆ ಒಂದು ದಾರಿ, ಯಾವ ಅಪಾಯವೂ ಇಲ್ಲದ್ದು. ಅದನ್ನು ಆಡಿ ನೋಡಿ, ದಾರಿ ಸರಿಯಿದ್ದರೆ ಮಾತ್ರ ನೀರು, ಕಾವಲುಗಾರ, ಇತ್ಯಾದಿ. ಮನುಷ್ಯ ಎಷ್ಟು ವೇಗವಾಗಿ ಓಡಬಲ್ಲ, ಎಷ್ಟು ಎತ್ತರದಿಂದ ಬಿದ್ದರೆ ಸಾಯುತ್ತಾನೆ ಎಂದು ಮೊದಲೇ ಅಳೆದು ಹಾಳೆಯ ಅಂಚಿನಲ್ಲಿ ಗೀಟು ಹಾಕಿಕೊಂಡೆ. ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ಹಾಳೆಯ ಮೇಲೆ ಹುರುಳಿಕಾಳು ಇಟ್ಟು ಸರಿಸಿ ಯೋಚಿಸುತ್ತಿದ್ದೆ.

ಕಾವಲುಗಾರರ ತಲೆಯ ಮೇಲೆ ಎರಡು ಮೊನೆಗಳಿದ್ದವು. ಅತ್ತೆ ಅವರನ್ನು ಟಗರು ಎನ್ನುತ್ತಿದ್ದಳು. ಟಗರನ್ನು ಕಂಡರೆ ಅವಳ ಬೆರಳು ಕಟ್ಟಿಹೋಗುತ್ತಿತ್ತು. ಹಾಗಾಗಿ ಒಂದು ಲೆವೆಲ್ಲಿನಲ್ಲಿ ಟಗರನ್ನು ಗೋಡೆಯಾಚೆ ಕೂಡಿಹಾಕಿದೆ. ಅದು ಅಲ್ಲೇ ಆಚೀಚೆ ಓಡಾಡುತ್ತದೆ, ಈಚೆಗೆ ಬರಲಾರದು. ಅತ್ತೆ ಚಿಕ್ಕೋನನ್ನು ಗೋಡೆಯ ಪಕ್ಕದಲ್ಲೇ ನಿಲ್ಲಿಸಿ ಬಹಳ ಹೊತ್ತು ನೋಡಿದಳು.

“ಗೋಡೆ ಮುಟ್ಟಿದ್ಮೇಲೆ ತಿರುಗ್ತೈತೆ ಇದು. ಅಲ್ವಾ?”

ನಾನು ಏನೂ ಹೇಳಲಿಲ್ಲ. ಮುಂದಿನ ಲೆವೆಲ್ಲಿನಲ್ಲಿ ಅದೇ ಟಗರು, ಚಿಕ್ಕೋನಿಗೂ ಅದಕ್ಕೂ ನಡುವೆ ಗೋಡೆಯಿಲ್ಲ. ಅದು ತಿರುಗುವವರೆಗೆ ಕಾದು, ಬೆನ್ನ ಹಿಂದಿನಿಂದ ಓಡಿ ಏಣಿ ಹತ್ತಿಬಿಟ್ಟಳು. ಹತ್ತಿದ ಮೇಲೆ ನನ್ನ ಪ್ಲಾಸ್ಟರಿನ ಮೇಲೆ ಪಟ್ಟನೆ ಹೊಡೆದಳು. ಆ ಮನೆಗೆ ಬಂದ ಮೇಲೆ ಅತ್ತೆ ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು.

ಏನೂ ಹೇಳದಿರುವುದು ನನಗೆ ಸುಲಭವಾಗಿರಲಿಲ್ಲ. ಮೊದಮೊದಲು “ಅಲ್ಲಲ್ಲ, ಈಕಡೆ, ಈಕಡೆ” ಎಂದು ಕೂಗುತ್ತಿದ್ದೆ. ಒಂದು ಸಲ ಅವಳು ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, “ನೀನೇ ಯೋಳದಾದ್ರೆ ನೀನೇ ಆಡು” ಎಂದು ಎದ್ದಿದ್ದಳು. ಅವತ್ತಿನಿಂದ ಅವಳು ಆಡುವಾಗ ದಿಂಬನ್ನು ಬಾಯಿಗೊತ್ತಿ ಕೂರುತ್ತಿದ್ದೆ. ಅವಳು ಎಲ್ಲಿ ನಿಂತು ಯೋಚಿಸುತ್ತಾಳೆ, ಎಲ್ಲಿ ತಿರುಗಾಡಿ ತಿರುಗಾಡಿ ಅಲ್ಲೇ ಬರುತ್ತಾಳೆ ಎಂದು ಮಾತ್ರ ನೋಡುತ್ತಿದ್ದೆ. ಗಂಟು ಕಂಡ ಕಡೆಗೆ ಅವಳು ಖಂಡಿತ ಹೋಗುತ್ತಾಳೆಂದು ತಿಳಿಯಿತು. ಆಮೇಲೆ ದಾರಿ ತೋರಿಸಬೇಕಾದ ಕಡೆಯಲ್ಲೆಲ್ಲ ಒಂದೊಂದು ಗಂಟು ಇಟ್ಟೆ. ಏಣಿಯ ತುದಿಯಲ್ಲೊಂದು ಗಂಟಿದ್ದರೆ, ಹತ್ತು ಎಂದು ಹೇಳಬೇಕಾಗಿರಲಿಲ್ಲ.

ಅವಳ ಇನ್ನೊಂದು ಕಷ್ಟ ಒಲೆಯದು. ಅರ್ಧ ಆಟದಲ್ಲಿ “ಸಾರು ಉಕ್ತೈತೆ” ಎಂದು ಓಡುತ್ತಿದ್ದಳು. ಬರುವಷ್ಟರಲ್ಲಿ ಟಗರು ಗುದ್ದಿ ಚಿಕ್ಕೋನು ಸತ್ತಿರುತ್ತಿದ್ದ.

“ಒಂದ್ ಜಗ್ಲಿ ಮಾಡ್ಕೊಡು ಪಾಪಾ. ನಾನ್ ಬರಗಂಟ ಅವ್ನು ಅಲ್ಲಿ ಕುಂತಿರ್ಲಿ.”

ಹಾಗೆ ಪ್ರತಿ ಲೆವೆಲ್ಲಿನ ನಡುವೆಯೂ ಟಗರು ಬಾರದ ಒಂದು ಮೂಲೆ ಮಾಡತೊಡಗಿದೆ. ಕಷ್ಟದ ಜಾಗ ದಾಟಿದ ಕೂಡಲೇ ಸಿಗುವಂತೆ. ಅವಳಿಗೆಂದು ಮಾಡಿದ್ದಾದರೂ, ಆಡುವಾಗ ನನಗೂ ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುವುದು ಹಿತವಾಗುತ್ತಿತ್ತು.

ಆ ದಿನಗಳಲ್ಲಿ ನಾವು ಬಹಳ ಮಾತಾಡಿದೆವೆಂದು ಹೇಳಲಾರೆ. ಮಾತಿಗಿಂತ ಹೆಚ್ಚಾಗಿ ಕಾಯುವಿಕೆಯಿತ್ತು. ನಾನು ಬೆಳಿಗ್ಗೆ ಕಟ್ಟುತ್ತಿದ್ದೆ, ಅವಳು ಊಟವಾದ ಮೇಲೆ ಆಡುತ್ತಿದ್ದಳು. ಅಮ್ಮ ಬರುವ ಹೊತ್ತಿಗೆ ಡಬ್ಬಿ ಮುಚ್ಚಿಟ್ಟು ಅವಳು ಮತ್ತೆ ಮೊದಲಿನ ಮೌನದ ಹೆಂಗಸಾಗುತ್ತಿದ್ದಳು. ತಟ್ಟೆ ಹಾಕುವಳು, ನೀರಿಡುವಳು, ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುವಳು. ನಾನು ಹಜಾರದ ಮಂಚದ ಮೇಲೆ, ಅವಳು ಗೋಡೆಯ ಆಚೆ. ಅಪ್ಪ ಅಮ್ಮ ಟೀವಿಯ ವಾರ್ತೆ ನೋಡುವಾಗ, ಅದೇ ಪರದೆಯ ಮೇಲೆ ಮಧ್ಯಾಹ್ನ ನಾವಿಬ್ಬರೂ ಓಡಾಡಿದ್ದು ಅವರಿಗೆ ಗೊತ್ತೇ ಇಲ್ಲವಲ್ಲ ಎನ್ನಿಸುತ್ತಿತ್ತು.

ಒಂದು ದಿನ ಅವಳೇ ಕೇಳಿದಳು, “ನಾನೂ ಒಂದು ಕಟ್ಲಾ?”

ಕೀಲಿಗಳನ್ನು ತೋರಿಸಿಕೊಟ್ಟೆ. ಕ್ಯಾಸೆಟ್ಟಿಗೆ ತುಂಬಿಸುವುದನ್ನು ಕೊನೆಗೆ ಹೇಳಿಕೊಟ್ಟರಾಯಿತೆಂದುಕೊಂಡೆ. ಅವತ್ತು ಊಟದ ಪಾತ್ರೆಗಳು ಹಾಗೇ ಬಿದ್ದಿದ್ದವು. ರಂಗೋಲಿಯ ಚುಕ್ಕಿ ಇಡುವವಳಂತೆ ಒಂದೊಂದೇ ಚೌಕ ಇಟ್ಟಳು. ಒಂದು ಮನೆ ಎದ್ದಿತು. ಅಟ್ಟಕ್ಕೆ ಏಣಿ, ಕೆಳಗೆ ಹಟ್ಟಿ, ಪಕ್ಕದಲ್ಲಿ ನೀರು ತುಂಬಿದ ಬಾವಿ, ಬಾವಿಗೆ ಸುತ್ತಲೂ ಕಟ್ಟೆ. ಅಟ್ಟದ ಮೇಲೆ ಸಾಲಾಗಿ ಗಂಟುಗಳು. ಅದು ಯಾರ ಮನೆಯೆಂದು ನಾನು ಕೇಳಲಿಲ್ಲ. ಗುಮ್ಮಳಾಪುರದ ಮನೆಯಂತೂ ಅಲ್ಲ, ಅಲ್ಲಿ ಬಾವಿ ಹಿಂದುಗಡೆ ಇದೆ.

“ಟಗರು ಎಲ್ಲಿ ಅತ್ತೆ?”

“ಬ್ಯಾಡ.”

“ಬಾಗಿಲೂ ಇಲ್ಲ. ಬಾಗಿಲಿಲ್ದೆ ಆಟ ಮುಗಿಯೋದು ಹೇಗೆ?”

“ಯಾಕ್ ಮುಗೀಬೇಕು? ಅವ್ನ ಮನೆ ಅದು. ಇರ್ಲಿ ಬಿಡು, ಓಡಾಡ್ಕೊಂಡು.”

ಚಿಕ್ಕೋನನ್ನು ಎಲ್ಲಿ ಇಡಲಿ ಎಂದು ಚೌಕವನ್ನು ಅತ್ತಿತ್ತ ಸರಿಸುತ್ತಿದ್ದಳು. ಅಟ್ಟದ ಮೇಲೆ ಇಟ್ಟಳು, ಬೇಡವೆಂದು ತೆಗೆದಳು. ಆಗ ಕರೆಂಟು ಹೋಯಿತು. ಟೀವಿಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು ಅದೂ ಆರಿತು.

“ಬತ್ತೈತೆ ತಕ್ಕೋ” ಎಂದಳು ಅತ್ತೆ. ಬಂದರೂ ಮನೆ ಬರುವುದಿಲ್ಲ, ಕ್ಯಾಸೆಟ್ಟಿಗೆ ತುಂಬಿಸದೆ ಹೋದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಹೇಳಬೇಕಾಯಿತು. ಅವಳು ಕಪ್ಪು ಪರದೆಯನ್ನು ನೋಡಿದಳು. ನನಗೆ ಅಳು ಬಂದುಬಿಟ್ಟಿತು.

“ಅಳ್ತೀಯಾ ಅದ್ಕೆ? ಹೋದ್ರೆ ಹೋಗ್ಲಿ ಬಿಡು. ನಂಗೇನು ಹೊಸದಾ?” ಎಂದು ಪಾತ್ರೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮಾರನೆಯ ದಿನ ನಾನು ನೆನಪಿನಿಂದ ಆ ಮನೆಯನ್ನು ಮತ್ತೆ ಕಟ್ಟಿ ತೋರಿಸಿದೆ. ಚೆನ್ನಾಗಿದೆ ಎಂದಳು. ಆದರೆ ಅದು ಅವಳದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇನ್ನೊಂದು ಕಟ್ಟು ಎಂದರೆ ಆಮೇಲೆ ನೋಡೋಣ ಎನ್ನುತ್ತಿದ್ದಳು, ಕಟ್ಟಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ದೊಡ್ಡಪ್ಪ ಬಂದರು. ರಾಗಿ ಒಕ್ಕಣೆಯ ಕಾಲ. ಭಾನುವಾರವಾದ್ದರಿಂದ ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿದ್ದರು. ದೊಡ್ಡಪ್ಪ ಕಾಫಿ ಕುಡಿದು, ನನ್ನ ಕಾಲು ನೋಡಿ, “ಮಗೀದು ಪಟ್ಟಿ ಬಿಚ್ಚೋ ಹೊತ್ತು ಬಂತಲ್ಲ. ಇವ್ಳನ್ನ ಕರ್ಕೊಂಡೋಗ್ತೀನಿ. ಅಲ್ಲಿ ಕೈಗೊಬ್ರು ಇಲ್ಲ” ಎಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ನಾನು ಬರಾಕಿಲ್ಲ” ಎಂದಳು.

ದೊಡ್ಡಪ್ಪ ಅದು ತಮಗೆ ಹೇಳಿದ ಮಾತೆಂದು ಮೊದಲು ಅಂದುಕೊಳ್ಳಲಿಲ್ಲ. ಲೋಟ ಕೆಳಗಿಟ್ಟು ಅಪ್ಪನ ಮುಖ ನೋಡಿದರು.

“ಏನಂತಾವ್ಳೆ ಇವ್ಳು?”

“ಸ್ವಿಚ್ಚು ಜೋಡ್ಸೋ ಫ್ಯಾಕ್ಟ್ರಿಗೆ ಹೆಂಗಸ್ರನ್ನ ತಕ್ಕೋತಾವ್ರೆ. ಪಕ್ಕದ್ಮನೆ ಅಕ್ಕ ಹೋಯ್ತಾಳೆ. ನಾನೂ ಹೋಗಿ ಕೇಳ್ಬುಟ್ಟು ಬಂದೆ. ಬಾ ಅಂದವ್ರೆ.”

ನನಗೂ ಅದು ಗೊತ್ತಿರಲಿಲ್ಲ. ಎರಡು ದಿನದ ಹಿಂದೆ ಕೊತ್ತಂಬರಿ ತರುತ್ತೇನೆಂದು ಹೋಗಿ ಬಹಳ ಹೊತ್ತಾದ ಮೇಲೆ ಬಂದಿದ್ದಳು. ಅವತ್ತು ಆಟ ಆಡಿರಲಿಲ್ಲ.

“ನಮ್ಮನೆ ಹೆಣ್ಮಗಳು ಫ್ಯಾಕ್ಟ್ರಿ ಕೂಲಿಗೆ ಹೋಗದಾ? ಜನ ಏನಂದಾರು?” ದೊಡ್ಡಪ್ಪನ ದನಿ ಏರಿತು. “ಊಟಕ್ಕಿಲ್ವಾ, ಬಟ್ಟೆಗಿಲ್ವಾ ನಿಂಗೆ?”

“ಎಲ್ಲಾ ಐತೆ ಅಣ್ಣಾ. ನೀನೇನೂ ಕಮ್ಮಿ ಮಾಡಿಲ್ಲ. ನಂಗೇ ಬ್ಯಾಡ.”

ಅಪ್ಪ ಅಣ್ಣನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ, ಅವತ್ತೂ ಎದುರಾಡಲಿಲ್ಲ. ಕೊನೆಗೆ “ಕೆಲ್ಸ ಮಾಡ್ತೀನಿ ಅಂತಾವ್ಳೆ. ಮಾಡ್ಲಿ ಬಿಡಣ್ಣ, ನೋಡಾನ” ಎಂದಷ್ಟೇ ಹೇಳಿದರು. ದೊಡ್ಡಪ್ಪ ಊಟಕ್ಕೂ ನಿಲ್ಲದೆ ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಟುಬಿಟ್ಟರು. ಅತ್ತೆ ಗೇಟಿನವರೆಗೂ ಅವರ ಹಿಂದೆ ಹೋಗಿ ನಿಂತಳು. ವಾಪಸು ಬಂದವಳು ಒಲೆಯ ಮುಂದೆ ಕೂತು ಅತ್ತಳು. ಅಮ್ಮ ಅವಳ ಪಕ್ಕದಲ್ಲಿ ಕೂತಳು. ನನಗೆ ಎದ್ದು ಹೋಗಲು ಆಗಲಿಲ್ಲ. ಮಂಚದಿಂದಲೇ ಕೇಳಿಸಿಕೊಂಡೆ.

“ಆ ಆಟ ಆಡೀ ಆಡೀ ಬೆರಳು ಚುರುಕಾಗೈತೆ, ಅದ್ಕೆ ಕೆಲ್ಸ ಕೊಟ್ಟವ್ರೆ” ಎಂದು ಅಪ್ಪ ಆಮೇಲೆ ತಮಾಷೆ ಮಾಡಿದರು. ಅತ್ತೆ ಆಡುತ್ತಿದ್ದದ್ದು ಅವರಿಗೂ ಗೊತ್ತಿತ್ತೆಂದು ಆಗಲೇ ನನಗೆ ತಿಳಿದದ್ದು. “ಅದೇನಿಲ್ಲಣ್ಣ, ಕಡ್ಲೇಕಾಯಿ ಬಿಡ್ಸಿದ್ ಕೈ ಇದು” ಎಂದಳು ಅತ್ತೆ.

ನನ್ನ ಪ್ಲಾಸ್ಟರ್ ಬಿಚ್ಚಿದ ವಾರದಲ್ಲೇ ಅವಳು ಕೆಲಸಕ್ಕೆ ಹೋಗತೊಡಗಿದಳು. ಒಂದು ತಿಂಗಳು ನಮ್ಮ ಮನೆಯಿಂದಲೇ ಹೋದಳು. ಬೆಳಗಿನ ಪಾಳಿ ಇದ್ದಾಗ ನಾನು ಏಳುವ ಮೊದಲೇ ಹೋಗಿರುತ್ತಿದ್ದಳು, ಮಧ್ಯಾಹ್ನದ ಪಾಳಿಯಾದರೆ ಬರುವಷ್ಟರಲ್ಲಿ ನನಗೆ ನಿದ್ದೆ. ಆಮೇಲೆ ಜೊತೆಯ ಹೆಂಗಸರೊಂದಿಗೆ ಸೇರಿ ಮತ್ತಿಗಿರಿಯಲ್ಲಿ ಒಂದು ರೂಮು ಹಿಡಿದಳು, ಅಲ್ಲಿಂದ ಕಂಪನಿಯ ವ್ಯಾನು ಸಿಗುತ್ತದೆಂದು. ಟ್ರಂಕು ಮತ್ತೆ ಹೊರಟಿತು. ಹೋಗುವಾಗ ನನ್ನ ಬಡಕಲು ಕಾಲನ್ನು ಎಣ್ಣೆ ಹಚ್ಚಿ ನೀವಿ, “ದಿನಾ ನೀವ್ಕೋ ಪಾಪಾ, ಮರೀಬ್ಯಾಡ” ಎಂದಳು.

ಮಧ್ಯಾಹ್ನಗಳು ಮತ್ತೆ ಖಾಲಿಯಾದವು. ಈ ಸಲ ಬಾಗಿಲ ಹತ್ತಿರದ ಗೋಡೆಗೆ ಒರಗಿದವರೂ ಇಲ್ಲ. ಊರುಗೋಲು ಹಿಡಿದು ಅಡುಗೆಮನೆಗೆ ಹೋಗಿ, ಅಮ್ಮ ಮುಚ್ಚಿಟ್ಟು ಹೋದ ಅನ್ನ ಸಾರು ಬಡಿಸಿಕೊಂಡು ಒಬ್ಬಳೇ ಉಣ್ಣುತ್ತಿದ್ದೆ. ಲೆವೆಲ್ಲು ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಮೊದಲಿಗಿಂತ ಚೆನ್ನಾಗಿಯೇ ಕಟ್ಟುತ್ತಿದ್ದೆ. ಕಷ್ಟ ಒಂದೊಂದೇ ಮೆಟ್ಟಿಲು ಏರುತ್ತಿತ್ತು, ದಾರಿ ತಾನಾಗಿ ಕಾಣುತ್ತಿತ್ತು. ಆದರೆ ಕಟ್ಟಿ ಮುಗಿದ ಮೇಲೆ ಆಡುವವಳೂ ನಾನೇ. ಟಗರು ಎಲ್ಲಿ ತಿರುಗುತ್ತದೆ, ಗಂಟು ಯಾವುದರ ಹಿಂದಿದೆ, ಎಲ್ಲ ಗೊತ್ತಿರುವುದೇ. ಎಡವುವವರಿಲ್ಲದೆ ಹೋದರೆ ಎಲ್ಲಿ ಸರಿಪಡಿಸಬೇಕೆಂದು ಗೊತ್ತಾಗುವುದಾದರೂ ಹೇಗೆ? ಒಂದು ಮಧ್ಯಾಹ್ನ ಹಾಳೆಯ ಮೇಲೆ ಗೀಚುತ್ತಾ ಗೀಚುತ್ತಾ ಪೆನ್ಸಿಲು ಇಟ್ಟುಬಿಟ್ಟೆ. ಯಾರಿಗೆ ಎಂದು ತಿಳಿಯಲಿಲ್ಲ.

ಗೆಳತಿಯ ಮನೆಗೆ ಹೋಗಿ ಕರೆಯೋಣವೆಂದು ಒಂದು ಸಂಜೆ ಊರುಗೋಲೂರಿ ಪಕ್ಕದ ಬೀದಿಯವರೆಗೆ ನಡೆದೆ. ಅವಳು ಇನ್ನಿಬ್ಬರು ಹುಡುಗಿಯರೊಂದಿಗೆ ಗೇಟಿನಲ್ಲಿ ನಿಂತು ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಮಾತಾಡುತ್ತಿದ್ದಳು. ನನ್ನನ್ನು ನೋಡಿ ಖುಷಿಯಾಗಿಯೇ ಕಾಲು ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಮತ್ತೆ ಅವರು ಪ್ರಶ್ನೆಗಳಿಗೆ ಹಿಂತಿರುಗಿದರು. ಸ್ವಲ್ಪ ಹೊತ್ತು ನಿಂತು, ಕತ್ತಲಾಗುತ್ತದೆಂದು ಹೇಳಿ ಬಂದೆ.

ಮೇ ತಿಂಗಳಲ್ಲಿ ಅಪ್ಪನ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ಕಂಪ್ಯೂಟರ್ ಇಟ್ಟುಕೊಂಡಿರಲಿ ಎಂದು ಅವರು ಹೇಳಿದರಂತೆ, ಅಪ್ಪನಿಗೆ ಸರಿಯೆನ್ನಿಸಲಿಲ್ಲ. ಒರೆಸಿ, ಅದೇ ಚೀಲದಲ್ಲಿ ಹಾಕಿ, ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಹೋಗಿ ಕೊಟ್ಟು ಬಂದರು. ನಾನು ಲೆವೆಲ್ಲು ತುಂಬಿಸಿದ್ದ ಕ್ಯಾಸೆಟ್ಟು ಮನೆಯಲ್ಲೇ ಉಳಿಯಿತು. ಅದು ಅಮ್ಮನ ದೇವರನಾಮದ ಕ್ಯಾಸೆಟ್ಟು. ಟೇಪ್‌ರೆಕಾರ್ಡರಿನಲ್ಲಿ ಹಾಕಿದರೆ ಬಹಳ ಹೊತ್ತು ಅರಚಿ, ಆಮೇಲೆ ಅರ್ಧದಿಂದ ಒಂದು ಹಾಡು ಶುರುವಾಗುತ್ತಿತ್ತು. ಅಮ್ಮ ಅದನ್ನು ಮತ್ತೆ ಕೇಳಲಿಲ್ಲ, ಎಸೆಯಲೂ ಇಲ್ಲ.

ಜೂನಿನಲ್ಲಿ ಮತ್ತೆ ಎಂಟನೇ ತರಗತಿಗೆ ಹೋದೆ. ನನ್ನ ಜೊತೆಯವರೆಲ್ಲ ಒಂಬತ್ತರಲ್ಲಿ, ಮಹಡಿಯ ಮೇಲೆ. ಮೆಟ್ಟಿಲು ಹತ್ತುವುದು ಕಷ್ಟವೆಂದು ಮಧ್ಯಾಹ್ನದ ಬಿಡುವಿನಲ್ಲಿ ನಾನು ಕೆಳಗೇ ಇರುತ್ತಿದ್ದೆ. ಹೊಸ ತರಗತಿಯ ಹುಡುಗಿಯರು ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಗೌರವಕ್ಕೇ ಹೇಳುತ್ತಿದ್ದದ್ದು. ಆದರೂ ಅದೊಂದು ಮಾತಿನಿಂದ ನಾನು ಅವರ ಗುಂಪಿನ ಹೊರಗೆ ನಿಲ್ಲುತ್ತಿದ್ದೆ.

ದಸರಾ ರಜೆಯಲ್ಲಿ ಅಮ್ಮ ಚಕ್ಕುಲಿ ಡಬ್ಬಿ ಕೊಟ್ಟು ಅತ್ತೆಯ ರೂಮಿಗೆ ನನ್ನೊಬ್ಬಳನ್ನೇ ಕಳಿಸಿದಳು. ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದ್ದು. ಮತ್ತಿಗಿರಿಯಲ್ಲಿ ಇಳಿದು, ಅಂಗಡಿಯೊಂದರಲ್ಲಿ ಕೇಳಿ, ಹಿಂದಿನ ಸಾಲಿನ ಹೆಂಚಿನ ರೂಮು ಹುಡುಕಿದೆ. ಬಾಗಿಲು ತೆರೆದಿತ್ತು. ಒಳಗೆ ಮೂವರು ಹೆಂಗಸರು ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅವರಲ್ಲೊಬ್ಬಳು ಅತ್ತೆ. ಒಬ್ಬಳು ತೆಲುಗಿನಲ್ಲಿ ಏನೋ ಹೇಳಿದಳು, ಇನ್ನೊಬ್ಬಳು ತಮಿಳಿನಲ್ಲಿ ಉತ್ತರ ಕೊಟ್ಟಳು, ಅತ್ತೆ ಅದಕ್ಕೂ ಮೇಲೆ ತಮಿಳಿನಲ್ಲೇ ಇನ್ನೇನೋ ಸೇರಿಸಿದಳು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅತ್ತೆಗೆ ತಮಿಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವಳು ಅಷ್ಟು ಜೋರಾಗಿ ಮಾತಾಡಬಲ್ಲಳೆಂದೂ ಗೊತ್ತಿರಲಿಲ್ಲ.

“ಅಯ್ಯೋ ಪಾಪಾ! ಒಬ್ಳೇ ಬಂದ್ಯಾ? ಕಾಲು ಎಂಗೈತೆ? ನಡಿ ನೋಡಾನ, ನಡಿ.”

ರೂಮಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದು ತೋರಿಸಿದೆ. ಉಳಿದಿಬ್ಬರೂ ನೋಡಿದರು. ಅತ್ತೆ ಉಪ್ಪಿಟ್ಟು ಮಾಡಿಕೊಟ್ಟಳು, ಚಕ್ಕುಲಿ ಹಂಚಿದಳು. ಫ್ಯಾಕ್ಟರಿಯ ಸುದ್ದಿ ಹೇಳಿದಳು, ಸೂಪರ್‌ವೈಸರ್ ನಡೆಯುವುದನ್ನು ಅಣಕಿಸಿ ತೋರಿಸಿದಳು. ನನ್ನ ತರಗತಿಯ ಬಗ್ಗೆ ಕೇಳಿದಳು, ಚೆನ್ನಾಗಿದೆ ಎಂದೆ. ಕಂಪ್ಯೂಟರ್ ವಾಪಸು ಕೊಟ್ಟೆವೆಂದು ಹೇಳಿದೆ.

“ಕೊಟ್ಬುಟ್ರಾ? ಸರಿ ಬಿಡು, ಕಣ್ಣು ಹಾಳು” ಎಂದಳು. ಆಮೇಲೆ ಜೊತೆಯವಳ ಕಡೆ ತಿರುಗಿ ತಮಿಳಿನಲ್ಲಿ, ಈ ಹುಡುಗಿ ಟೀವಿಯೊಳಗೆ ಮನೆ ಕಟ್ಟುತ್ತಿದ್ದಳು, ನಾನು ಅದರೊಳಗೆ ಓಡಾಡುತ್ತಿದ್ದೆ ಎಂದಳು. ಜೊತೆಯವಳಿಗೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕಳು. ಅತ್ತೆಯೂ ವಿವರಿಸಲು ಹೋಗಲಿಲ್ಲ. ಕಡಲೆಕಾಯಿಯ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿದೆ. ಅವರ ಮಾತು ಮತ್ತೆ ಫ್ಯಾಕ್ಟರಿಗೆ ಹೋಯಿತು. ನನಗೆ ಗೊತ್ತಿಲ್ಲದ ಹೆಸರುಗಳು, ನನಗೆ ಗೊತ್ತಿಲ್ಲದ ಜಗಳಗಳು.

ಎರಡು ಗಂಟೆಗೆ ಅವರ ಪಾಳಿ. ಮೂವರೂ ನೀಲಿ ಸೀರೆ ಉಟ್ಟು, ತಲೆ ಬಾಚಿ, ನನ್ನನ್ನೂ ಕರೆದುಕೊಂಡು ರಸ್ತೆಗೆ ಬಂದರು. ಅವರ ವ್ಯಾನು ಮೊದಲು ಬಂತು. ಅತ್ತೆ ಹತ್ತಿ, ಕಿಟಕಿಯಿಂದ ಕೈ ಚಾಚಿ ನನ್ನ ಕೂದಲು ಕೆದರಿ, “ಉಸಾರಾಗಿ ಹೋಗ್ತೀಯಾ?” ಎಂದು ಕೇಳಿದಳು. ಹೋಗುತ್ತೇನೆ ಎಂದೆ. ವ್ಯಾನು ಹೊರಟಾಗ ಅವಳು ಒಳಗಿನವರ ಕಡೆ ತಿರುಗಿ ಆಗಲೇ ಏನೋ ಹೇಳುತ್ತಿದ್ದಳು.

ನನ್ನ ಬಸ್ಸು ತಡವಾಗಿ ಬಂತು. ಒಳಗೆ ಹೆಚ್ಚು ಜನರಿರಲಿಲ್ಲ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಲಗಾಲನ್ನು ಚಾಚಿಕೊಳ್ಳಲು ಜಾಗವೂ ಇತ್ತು.